ಆಂಟೆನಾಗಳಿಗೆ ಆಸನ ವ್ಯವಸ್ಥೆ

ವೆಂಕಟಸುಬ್ಬಯ್ಯನವರು ನೌಕರಿಯಲ್ಲಿದ್ದಷ್ಟು ಕಾಲವೂ ಮಾಡಿದ್ದು ಒಂದೇ ಕೆಲಸ: ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು. ಕೇಂದ್ರ ಸರ್ಕಾರದ ಒಂದು ಇಲಾಖೆಯ ಪ್ರೋಟೋಕಾಲ್ ವಿಭಾಗಕ್ಕೆ ಗುಮಾಸ್ತರಾಗಿ ಸೇರಿ, ಅಲ್ಲೇ ಅಧಿಕಾರಿಯಾಗಿ ನಿವೃತ್ತರಾದರು. ಸಭೆಯಿರಲಿ, ಔತಣವಿರಲಿ, ಶೋಕಸಭೆಯೇ ಇರಲಿ, ಮೊದಲ ಸಾಲಿನಲ್ಲಿ ಯಾರು, ಕಂಬದ ಮರೆಯಲ್ಲಿ ಯಾರು ಎಂಬುದು ಅವರ ಕೈಯಲ್ಲಿತ್ತು. ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಊರಿನಿಂದ ಮುಖಂಡರು ಬಂದಿಳಿದರೆ ಅಲ್ಲಿನವರೂ ಇವರಿಗೇ ಫೋನ್ ಮಾಡುತ್ತಿದ್ದರು. ಇಬ್ಬರು ಮಾಜಿಗಳನ್ನು ಒಂದೇ ಸೋಫಾದಲ್ಲಿ ಕೂರಿಸಿ, ಇಬ್ಬರಿಗೂ ತಾನೇ ದೊಡ್ಡವನೆಂಬ ನಂಬಿಕೆ ಬರಿಸುವ ವಿದ್ಯೆ ದೆಹಲಿಯಲ್ಲಿ ಬಲ್ಲವರು ಇವರೊಬ್ಬರೇ ಎಂದು ಜನ ಹೇಳುತ್ತಿದ್ದರಂತೆ. ಹಾಗೆಂದು ನನಗೆ ಹೇಳಿದವರು ಇವರೇ.

ಇಷ್ಟು ಜನಕ್ಕೆ ಕುರ್ಚಿ ಹಾಕಿಸಿದ ಮನುಷ್ಯನಿಗೆ ತಾನು ಕೂರಲು ಕುರ್ಚಿ ಇರಲಿಲ್ಲ. ಪ್ರೋಟೋಕಾಲಿನವರು ಗೋಡೆಗೆ ಒರಗಿ ನಿಲ್ಲುವವರು. ಊಟವೂ ಎಲ್ಲರದೂ ಮುಗಿದ ಮೇಲೆ, ಪರದೆಯ ಹಿಂದೆ, ತಟ್ಟೆ ಕೈಯಲ್ಲಿ ಹಿಡಿದುಕೊಂಡೇ. ಹೆಸರಿನ ಫಲಕವೊಂದು ತನ್ನ ಮುಂದೆಯೂ ಇರಬೇಕೆಂಬ ಆಸೆ ಅವರಿಗೆ ಎಂದಿನಿಂದ ಇತ್ತೋ ಗೊತ್ತಿಲ್ಲ. ಸಿಕ್ಕ ಮೇಲೆ ಅದನ್ನು ಅವರು ಒರೆಸುತ್ತಿದ್ದ ರೀತಿ ನೋಡಿ ನಾನು ಊಹಿಸಿದೆ.

ನಾನು ದೆಹಲಿಯ ದ್ವಾರಕಾದಲ್ಲಿ ಅವರಿರುವ ವಸತಿ ಸೊಸೈಟಿಯಲ್ಲೇ, ಅವರದೇ ಬ್ಲಾಕಿನ ಕೊನೆಯ ಮಹಡಿಯಲ್ಲಿರುವವನು. ಸರ್ಕಾರಿ ಭಾಷಣಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾ ತಲೆ ನರೆಸಿಕೊಂಡವನು. ಹಾಗಾಗಿ ಯಾರು ಏನೇ ಹೇಳಿದರೂ ಅರ್ಧ ಮಾತ್ರ ನಂಬುವುದು ಅಭ್ಯಾಸವಾಗಿಬಿಟ್ಟಿದೆ. ಈ ಕಥೆಯ ಕಬ್ಬಿಣದ ಕಂಬ ನಿಂತಿರುವುದು ನನ್ನ ಮಲಗುವ ಕೋಣೆಯ ಸರಿಯಾಗಿ ಮೇಲೆ. ಅದರ ಬುಡದಿಂದ ಮಳೆಗಾಲದಲ್ಲಿ ನನ್ನ ಮಂಚಕ್ಕೆ ನೀರು ಸೋರುತ್ತದೆ. ಮಾತಾಡುವ ಹಕ್ಕು ನನಗಿಲ್ಲದೆ ಇನ್ನಾರಿಗಿದೆ?

ದೆಹಲಿಯಲ್ಲಿ ಮೂವರು ಕನ್ನಡಿಗರು ಸೇರಿದರೆ ಒಂದು ಸಂಘ, ನಾಲ್ಕನೆಯವನು ಬಂದರೆ ಎರಡು. ನಮ್ಮಲ್ಲಿ ಹುಟ್ಟಿದ್ದು ಹವ್ಯಾಸಿ ರೇಡಿಯೋ ಕೂಟ. ಹುಟ್ಟಿಸಿದವರು ಚಂದ್ರಮೋಹನ ಅವರು, ಅಡಿಷನಲ್ ಸೆಕ್ರೆಟರಿಯಾಗಿ ನಿವೃತ್ತರಾದವರು. ನಿವೃತ್ತಿಯ ಮಾರನೆಯ ದಿನದಿಂದ ಅವರ ಮನೆಯ ಫೋನು ಮೌನ ತಾಳಿತ್ತು. ರೇಡಿಯೋದಲ್ಲಿ ಒಬ್ಬರು ಗುಂಡಿ ಒತ್ತಿದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡು ಕೇಳಲೇಬೇಕು ಎಂದು ಯಾರೋ ಹೇಳಿದ್ದು ಅವರಿಗೆ ಬಹಳ ಹಿಡಿಸಿತು. ತಾವು ಪರೀಕ್ಷೆ ಬರೆದು ಲೈಸೆನ್ಸ್ ಪಡೆದರು, ನಮ್ಮನ್ನೂ ಬರೆಸಿದರು. ಸದಸ್ಯರು ಸಾಲದೆಂದು ಹೆಂಗಸರನ್ನೂ ಬರೆಸಲಾಯಿತು. ವೆಂಕಟಸುಬ್ಬಯ್ಯನವರ ಪತ್ನಿ ಸುಶೀಲಮ್ಮ ಗಂಡನಿಗಿಂತ ಹೆಚ್ಚು ಅಂಕ ತೆಗೆದರು. ಆ ವಿಷಯ ಅವರ ಮನೆಯಲ್ಲಿ ಎತ್ತುವ ಹಾಗಿಲ್ಲ. ಚಂದ್ರಮೋಹನ ಅಧ್ಯಕ್ಷರಾದರು, ವೆಂಕಟಸುಬ್ಬಯ್ಯ ಕಾರ್ಯದರ್ಶಿಯಾದರು.

ಕಾರ್ಯದರ್ಶಿಯ ಕುರ್ಚಿ ಪ್ಲಾಸ್ಟಿಕ್ಕಿನದು, ಒಂದು ಕಾಲು ಸೊಟ್ಟ. ಆದರೆ ಅದರ ಮುಂದೆ ಹೆಸರಿನ ಫಲಕವಿತ್ತು. ಸಭೆಯಿಲ್ಲದ ದಿನವೂ ಅವರು ಕಮ್ಯುನಿಟಿ ಹಾಲಿಗೆ ಹೋಗಿ ಅದರಲ್ಲಿ ಒಂದಷ್ಟು ಹೊತ್ತು ಕೂತು ಬರುತ್ತಿದ್ದರು. "ಆ ಕುರ್ಚಿ ಇರೋದು ನನ್ನ ಪುಣ್ಯ" ಎಂದು ಸುಶೀಲಮ್ಮ ನಮ್ಮನೆಯಲ್ಲಿ ಹೇಳಿದರು. "ಅದಿಲ್ಲದೆ ಇದ್ದಾಗ ಅಡುಗೆಮನೇಲಿ ಡಬ್ಬಗಳನ್ನ ಸೀನಿಯಾರಿಟಿ ನೋಡಿ ಜೋಡಿಸ್ತಿದ್ದರು. ಸಾಸಿವೆ ಹುಡುಕೋಕೆ ನನಗೆ ಸ್ಟೂಲು ಬೇಕಾಗ್ತಿತ್ತು."

ಕೂಟಕ್ಕೆ ಬೇಕಾದದ್ದು ಒಂದು ರಿಪೀಟರ್. ಕೈಯಲ್ಲಿ ಹಿಡಿಯುವ ಸೆಟ್ಟಿನ ದನಿ ಕ್ಷೀಣ, ನಾಲ್ಕು ಕಟ್ಟಡ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ರಿಪೀಟರ್ ಎತ್ತರದಲ್ಲಿ ಕೂತು ಅದನ್ನು ಕೇಳಿಸಿಕೊಂಡು, ಅದೇ ಕ್ಷಣ ಬೇರೊಂದು ಅಲೆಯಲ್ಲಿ ಜೋರಾಗಿ ತಿರುಗಿ ಹೇಳುತ್ತದೆ. ಗುರುಗ್ರಾಮದಲ್ಲಿ ಸುದರ್ಶನ್ ಎಂಬ ನಮ್ಮ ಕಡೆಯ ಎಂಜಿನಿಯರ್ ತನ್ನ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಇಂಥದ್ದೇ ಇನ್ನೊಂದನ್ನು ಇಟ್ಟಿದ್ದ. ಎರಡನ್ನೂ ಬೆಸೆಯುವುದಕ್ಕೆ ನಮ್ಮ ತಾರಸಿಯಲ್ಲಿ ಇನ್ನೂ ಒಂದು ರೇಡಿಯೋ, ಅದಕ್ಕೆ ಲಿಂಕ್ ಎಂದು ಹೆಸರು. ನಮ್ಮ ರಿಪೀಟರ್ ಕೇಳಿದ್ದನ್ನು ಲಿಂಕ್ ಗುರುಗ್ರಾಮಕ್ಕೆ ದಾಟಿಸಬೇಕು, ಅಲ್ಲಿನದನ್ನು ಇಲ್ಲಿಗೆ ತರಬೇಕು.

ಲಿಂಕಿಗೆಂದು ವೆಂಕಟಸುಬ್ಬಯ್ಯನವರು ಹಳೆಯ ಪರದೆಗಳ ಅಲ್ಯುಮಿನಿಯಂ ಕೋಲುಗಳನ್ನು ಅಳೆದು ಕತ್ತರಿಸಿ ಸ್ವಂತ ಕೈಯಿಂದ ಒಂದು ಆಂಟೆನಾ ಕಟ್ಟಿದ್ದರು. ಅಷ್ಟರಲ್ಲಿ ಕೆಂಪಣ್ಣನವರು ರಿಪೀಟರಿಗೆ ಒಳ್ಳೆಯ ಆಂಟೆನಾ ದಾನ ಮಾಡಿದರು. ಕೆಂಪಣ್ಣ ಬೇರೊಂದು ಸರ್ವಿಸಿನಲ್ಲಿ ಚಂದ್ರಮೋಹನರ ಸಮಾನ ದರ್ಜೆಯಲ್ಲಿ ನಿವೃತ್ತರಾದವರು. ಕೆಂಪಣ್ಣ ಕೊಟ್ಟ ಮೇಲೆ ಚಂದ್ರಮೋಹನರು ಕೊಡದೆ ಇರುವುದುಂಟೇ? ಲಿಂಕಿನ ಆಂಟೆನಾ ಅವರದಾಯಿತು. ಈಗ ಕಂಬದ ಮೇಲೆ ಯಾರದು ಮೇಲೆ, ಯಾರದು ಕೆಳಗೆ?

ಇಲ್ಲಿ ವೆಂಕಟಸುಬ್ಬಯ್ಯನವರ ಜೀವಮಾನದ ಅನುಭವ ಕೆಲಸಕ್ಕೆ ಬಂತು. ಸಮಾನ ದರ್ಜೆಯವರನ್ನು ಎಲ್ಲಿ ಕೂರಿಸಬೇಕು? ಅಕ್ಕಪಕ್ಕ. ಕಂಬದ ತುದಿಗೆ ಅಡ್ಡಪಟ್ಟಿ ಹೊಡೆಸಿ, ಏಣಿ ಹತ್ತಿದ ಕೆಲಸಗಾರನಿಗೆ "ಭಯ್ಯಾ, ಬರಾಬರ್, ಬರಾಬರ್" ಎಂದು ಕೆಳಗಿನಿಂದ ಕೂಗುತ್ತಾ, ಟೇಪು ಹಿಡಿಸಿ, ಎರಡನ್ನೂ ಒಂದೇ ಎತ್ತರಕ್ಕೆ, ಮೊಣಕೈ ತಾಗುವಷ್ಟು ಹತ್ತಿರ ನಿಲ್ಲಿಸಿದರು. ತಮ್ಮ ಪರದೆಕೋಲಿನ ಆಂಟೆನಾವನ್ನು ತಮ್ಮ ದರ್ಜೆಗೆ ತಕ್ಕಂತೆ ಬಹಳ ಕೆಳಗೆ, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದರು. ಅದಕ್ಕೆ ವೈರೂ ಇಲ್ಲ, ಕೆಲಸವೂ ಇಲ್ಲ. ಗುರುಗ್ರಾಮದ ಕಡೆಗೆ ಮುಖ ಮಾಡಿಕೊಂಡು ಸುಮ್ಮನೆ ನಿಂತಿತ್ತು.

ಉದ್ಘಾಟನೆಯ ದಿನ ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಚೆನ್ನಾಗಿತ್ತು. ರಿಪೀಟರ್ ಮಾತ್ರ ಕಿವುಡಾಗಿತ್ತು.

ಕಾರಣ ಸರಳ. ಮದುವೆಮನೆಯಲ್ಲಿ ಓಲಗದವನ ಪಕ್ಕದಲ್ಲಿ ಕೂತವನನ್ನು ಅಡುಗೆಮನೆಯಿಂದ ಕರೆದರೆ ಅವನಿಗೆ ಕೇಳಿಸುತ್ತದೆಯೇ? ನಮ್ಮ ಲಿಂಕ್ ಬಾಯಿ ತೆರೆದ ಕ್ಷಣವೇ ಅದರ ಪಕ್ಕದಲ್ಲಿ ನಿಂತ ರಿಪೀಟರಿನ ಕಿವಿ ಮುಚ್ಚಿಹೋಗುತ್ತಿತ್ತು. ಕಿವಿ ಮುಚ್ಚಿದಾಗ ಲಿಂಕಿಗೆ ಹೇಳಲು ಏನೂ ಇಲ್ಲ, ಅದು ಸುಮ್ಮನಾಗುವುದು. ಸುಮ್ಮನಾದಾಗ ಕಿವಿ ತೆರೆಯುವುದು. ಮತ್ತೆ ಲಿಂಕ್ ಕೂಗುವುದು. ಮನೆಯಲ್ಲಿ ದೊಡ್ಡ ಸೆಟ್ಟು ಇಟ್ಟುಕೊಂಡ ಚಂದ್ರಮೋಹನ, ಕೆಂಪಣ್ಣರ ದನಿ ಈ ಗದ್ದಲವನ್ನೂ ಮೆಟ್ಟಿ ಬರುತ್ತಿತ್ತು. ಕೈಸೆಟ್ಟಿನವರ ಮಾತು ಮಾತ್ರ ತುಂಡುತುಂಡಾಗುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದು ಇದಕ್ಕೇ.

ಆದರೂ ಇದು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದಂತೆ ನೋಡಿಕೊಂಡದ್ದು ನಮ್ಮ ಸೌಜನ್ಯ. ರೇಡಿಯೋದವರಲ್ಲಿ ಒಂದು ಪದ್ಧತಿಯಿದೆ: ಎದುರಿನವನ ದನಿ ಹೇಗೆ ಬರುತ್ತಿದೆಯೆಂದು ಅಂಕ ಕೊಡುವುದು. ಸ್ಪಷ್ಟತೆಗೆ ಐದರೊಳಗೆ, ಬಲಕ್ಕೆ ಒಂಬತ್ತರೊಳಗೆ. "ಫೈವ್ ನೈನ್" ಅಂದರೆ ಅದಕ್ಕಿಂತ ಚೆನ್ನಾಗಿ ಕೇಳಿಸಲು ಸಾಧ್ಯವೇ ಇಲ್ಲ ಎಂದರ್ಥ. ನಮ್ಮ ಕೂಟದಲ್ಲಿ ಅದಕ್ಕಿಂತ ಕಡಿಮೆ ಅಂಕ ಯಾರಿಗೂ ಬಿದ್ದದ್ದಿಲ್ಲ. "ಫೈವ್ ನೈನ್ ಸರ್, ಬಹಳ ಸ್ಪಷ್ಟ. ದಯವಿಟ್ಟು ತಮ್ಮ ಹೆಸರು ಇನ್ನೊಂದು ಸಲ ಹೇಳ್ತೀರಾ?" ಎಂದು ಕೇಳಿದವರನ್ನು ನಾನು ಬಲ್ಲೆ. ಹಾಗೆ ಕೇಳಿದವರಲ್ಲಿ ನಾನೂ ಒಬ್ಬ.

ಇದನ್ನು ಕೆಡಿಸಿದವರು ಸುಶೀಲಮ್ಮ. ಒಂದು ಭಾನುವಾರ ಬೆಳಿಗ್ಗೆ ವೆಂಕಟಸುಬ್ಬಯ್ಯನವರು ಪಾರ್ಕಿನಿಂದ ಕೈಸೆಟ್ಟು ಹಿಡಿದು ಎಲ್ಲರಿಗೂ ನಮಸ್ಕಾರ ಹೇಳಿದರು. ಎಲ್ಲರೂ ಸರದಿಯಂತೆ ಫೈವ್ ನೈನ್ ಕೊಟ್ಟರು. ಕೊನೆಗೆ ಕಂಬದ ಅಡಿಯಲ್ಲೇ ಇರುವ ಅಡುಗೆಮನೆಯಿಂದ ಸುಶೀಲಮ್ಮನ ದನಿ ತುಂಡಾಗದೆ ಬಂತು: "ರೀ, ನಿಮಗೆ ಬಿಕ್ಕಳಿಕೆ ಬಂದ ಹಾಗಿದೆ. 'ನಮ' ಅಂದಿರಿ, ಆಮೇಲೆ 'ರ' ಅಂದಿರಿ. ಮಧ್ಯದ್ದು ಎಲ್ಲಿ ಹೋಯ್ತು?"

ಚಂದ್ರಮೋಹನರು ಗುಂಡಿ ಒತ್ತಿ ಗಂಭೀರವಾಗಿ ಹೇಳಿದರು: "ಮೇಡಂ, ಇಂಥ ರಿಪೋರ್ಟನ್ನ ಎಲ್ಲರ ಮುಂದೆ ಕೊಡೋ ಪದ್ಧತಿ ಇಲ್ಲ."

"ಹಾಗಾದ್ರೆ ಪದ್ಧತಿ ಪ್ರಕಾರ ಚೆನ್ನಾಗಿದೆ" ಎಂದು ಸುಶೀಲಮ್ಮ ಒಗ್ಗರಣೆಗೆ ಮರಳಿದರು.

ಹೇಳಿದ್ದು ಹೇಳಿಯಾಗಿತ್ತು. ಒಂದು ಉಪಸಮಿತಿಯಾಯಿತು. ಸಮಿತಿ ಮೊದಲು ಮಾಡಿದ್ದು ಲಿಂಕಿನ ಶಕ್ತಿ ಏರಿಸಿದ್ದು. ಓಲಗ ಇನ್ನೂ ಜೋರಾಯಿತು. ಆಮೇಲೆ ಬೇಡದ ಅಲೆಯನ್ನು ತಡೆಯುವ ಫಿಲ್ಟರೆಂದು ಉದ್ದನೆಯ ಹಿತ್ತಾಳೆ ಡಬ್ಬಿ ತರಿಸಿದರು. ಅದು ಸ್ವಲ್ಪ ತಡೆಯಿತು, ಆದರೆ ಅಷ್ಟು ಹತ್ತಿರದ ಕೂಗಿಗೆ ಯಾವ ಡಬ್ಬಿ ಸಾಕಾದೀತು? ಕೊನೆಗೆ, ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಕೈಸೆಟ್ಟಿನವರಿಗೆ ಮಾತಾಡಲು ಬರುವುದಿಲ್ಲ ಎಂದು ವರದಿ ಬರೆದರು.

ಅಷ್ಟರಲ್ಲಿ ಸೊಸೈಟಿಯ ಆಡಳಿತ ಮಂಡಳಿ ಎಚ್ಚರಗೊಂಡಿತು. ತಾರಸಿಯಲ್ಲಿ ಸೋಲಾರ್ ಫಲಕ ಹಾಕಬೇಕು, ಈ ಕಂಬದಿಂದ ಏನುಪಯೋಗ ಎಂದು ಅವರು ಕೇಳಿದರು. ಭೂಕಂಪವಾದಾಗ ಫೋನು ಸತ್ತರೂ ನಮ್ಮದು ಬದುಕಿರುತ್ತದೆ ಎಂದು ಚಂದ್ರಮೋಹನರು ಘೋಷಿಸಿದರು. ಸರಿ, ಮುಂದಿನ ತಿಂಗಳು ಭೂಕಂಪದ ಅಣಕು ಕಾರ್ಯಾಚರಣೆ ಇದೆ, ಜಿಲ್ಲಾಡಳಿತದವರೂ ಬರುತ್ತಾರೆ. ಅಂದು ನೆಲಮಾಳಿಗೆಯ ಪಾರ್ಕಿಂಗಿನಿಂದ ಕೈಸೆಟ್ಟಿನಲ್ಲಿ ಮಾತಾಡಿದ್ದು ಗುರುಗ್ರಾಮಕ್ಕೆ ಮುಟ್ಟಲಿ. ಮುಟ್ಟಿದರೆ ಕಂಬ ಇರುತ್ತದೆ, ಇಲ್ಲದಿದ್ದರೆ ಗುಜರಿ ಕಬಾಡಿಯವನಿಗೆ ಹೋಗುತ್ತದೆ ಎಂದು ಮಂಡಳಿ ಹೇಳಿತು.

ಕಂಬ ಹೋದರೆ ಕೂಟವಿಲ್ಲ. ಕೂಟ ಹೋದರೆ ಕುರ್ಚಿಯಿಲ್ಲ. ವೆಂಕಟಸುಬ್ಬಯ್ಯನವರ ಮುಖ ಬಾಡಿಹೋಯಿತು. ಸುದರ್ಶನನನ್ನು ಕರೆಸಿದರು. ಅವನು ಮೆಟ್ರೋ ಹಿಡಿದು ಬಂದ, ತಾರಸಿ ಹತ್ತಿದ, ಕಂಬದ ತುದಿ ನೋಡಿ ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ.

"ಅಂಕಲ್, ಇದನ್ನ ಹೀಗೆ ಯಾರು ಹಾಕಿದ್ದು?"

"ಯಾಕಪ್ಪಾ? ಇಬ್ಬರೂ ಸಮಾನ ದರ್ಜೆಯವರು."

"ಅಚ್ಛಾ! ಆದರೆ ಆಂಟೆನಾಗೆ ದರ್ಜೆ ಗೊತ್ತಾಗಲ್ಲ ಅಂಕಲ್. ಅದು ಸುತ್ತಲೂ ಜೋರಾಗಿ ಕೂಗುತ್ತೆ, ತನ್ನ ತಲೆ ಮೇಲೆ, ಕಾಲ ಕೆಳಗೆ ಅಷ್ಟಾಗಿ ಕೂಗಲ್ಲ. ಅಕ್ಕಪಕ್ಕ ಇಟ್ಟರೆ ಕಿವಿಯೊಳಗೇ ಕೂಗಿದ ಹಾಗೆ. ಒಂದು ಮೇಲಿರಲಿ, ಇನ್ನೊಂದು ಚೆನ್ನಾಗಿ ಕೆಳಗಿರಲಿ. ಬಸ್, ಅಷ್ಟೇ."

ಅಷ್ಟೇ! ವೆಂಕಟಸುಬ್ಬಯ್ಯನವರು ಚಂದ್ರಮೋಹನರ ಮನೆಗೆ ಹೋದರು. "ಸುಬ್ಬಯ್ಯ, ನಾನು ಕೆಳಗಿಳೀಬೇಕಾ? ಆ ಕೆಂಪಣ್ಣನ ಕಾಲಡೀಲಿ?" ಎಂದು ಅವರು ಕಾಫಿ ಲೋಟ ಕೆಳಗಿಟ್ಟರು. ಅಲ್ಲಿಂದ ಇವರು ಕೆಂಪಣ್ಣನವರ ಮನೆಗೆ ಹೋದರು. "ನೋಡಿ ಸುಬ್ಬಯ್ಯನವರೇ, ಬಡ್ತಿ ಆದೇಶ ನನಗೆ ಅವರಿಗಿಂತ ಮೊದಲು ಬಂತು. ಸಮ ಅಂತ ಒಪ್ಪಿಕೊಂಡಿದ್ದೇ ನನ್ನ ದೊಡ್ಡತನ" ಎಂದರು ಅವರು. ಆಂಟೆನಾ ಇಳಿಸುವುದಲ್ಲ, ಇವರು ತಮ್ಮ ಮೂಗು ಕೊಯ್ಯಲು ಬಂದಿದ್ದಾರೆ ಎಂಬಂತೆ ಇಬ್ಬರೂ ನೋಡಿದರಂತೆ.

ಮುಂದಿನ ಶನಿವಾರ ಚಂದ್ರಮೋಹನರು ಸಂಬಂಧಿಕರ ಮದುವೆಗೆಂದು ಮೈಸೂರಿಗೆ ಹೋಗಿದ್ದರು. ಚಳಿಗಾಲದ ಒಳ್ಳೆಯ ಬಿಸಿಲು. ನಾನು ತಾರಸಿಯ ಮೇಲೆ ಕಿತ್ತಳೆ ಸುಲಿಯುತ್ತಾ ಕೂತಿದ್ದೆ. ವೆಂಕಟಸುಬ್ಬಯ್ಯನವರು ಸುದರ್ಶನನನ್ನು ಕರೆದುಕೊಂಡು ಬಂದರು. ಮುಖದಲ್ಲಿ ಬಾಡಿದ್ದೇನೂ ಇರಲಿಲ್ಲ. ಹಳೆಯ ಅಧಿಕಾರಿ ಎದ್ದು ಬಂದಂತಿತ್ತು.

"ಸುದರ್ಶನ್, ಒಂದು ಕತೆ ಕೇಳು" ಎಂದರು. "ಒಂದು ಸಲ ಅತಿಥಿಗೃಹದ ಸಮಾರಂಭಕ್ಕೆ ಒಬ್ಬ ದೊಡ್ಡ ಮನುಷ್ಯ ಬಂದಿದ್ದ. ಮೈಕು ಹಿಡಿದರೆ ಬಿಡೋನಲ್ಲ. ಕರೀದೆ ಇರೋ ಹಾಗಿಲ್ಲ, ಮಾತಾಡಿಸೋ ಹಾಗೂ ಇಲ್ಲ. ನಾನೇನು ಮಾಡಿದೆ? ವೇದಿಕೆಯ ನಡುವೆ ಎಲ್ಲಕ್ಕಿಂತ ದೊಡ್ಡ ಕುರ್ಚಿ ಹಾಕಿಸಿದೆ. ಮುಂದೆ ಹೂವು, ನೀರು, ಮೈಕು. ಮೈಕಿನ ವೈರು ಮೇಜಿನ ಬಟ್ಟೆ ಕೆಳಗೆ ಹೋಗಿ ಅಲ್ಲೇ ಮುಗಿದಿತ್ತು. ಅವನು ಮನಸಾರೆ ಮಾತಾಡಿದ. ಮುಂದಿನ ಸಾಲಿನೋರು ಚಪ್ಪಾಳೆ ತಟ್ಟಿದರು, ಅವರನ್ನ ನೋಡಿ ಹಿಂದಿನೋರೂ ತಟ್ಟಿದರು. ಊರಿಗೆ ಹೋಗಿ ನನಗೆ ಮೈಸೂರುಪಾಕು ಕಳಿಸಿದ."

ಸುದರ್ಶನ್ ಕಂಬ ನೋಡಿದ, ಕೆಳಗೆ ಟ್ಯಾಂಕಿನ ಸ್ಟ್ಯಾಂಡಿಗೆ ಬಿಗಿದಿದ್ದ ಪರದೆಕೋಲಿನ ಆಂಟೆನಾ ನೋಡಿದ, ಇವರ ಮುಖ ನೋಡಿದ. "ವಾಹ್ ಅಂಕಲ್! ಇದು ಕಾಲೇಜಲ್ಲಿ ಹೇಳಿಕೊಡಲ್ಲ" ಎಂದ.

"ದೊಡ್ಡವರನ್ನ ಇಳಿಸಬಾರದಪ್ಪಾ" ಎಂದರು ವೆಂಕಟಸುಬ್ಬಯ್ಯ. "ಮೇಲೇ ಇಟ್ಟು ವೈರು ಬಿಚ್ಚಬೇಕು. ಕಲಿತುಕೋ."

ಕೆಲಸ ಹೆಚ್ಚು ಹೊತ್ತು ಹಿಡಿಯಲಿಲ್ಲ. ಲಿಂಕ್ ರೇಡಿಯೋದಿಂದ ಚಂದ್ರಮೋಹನರ ಆಂಟೆನಾಗೆ ಹೋಗುತ್ತಿದ್ದ ವೈರನ್ನು ಬಿಚ್ಚಿ, ಅದರ ತುದಿಯನ್ನು ಯಾರಿಗೂ ಕಾಣದಂತೆ ಪೆಟ್ಟಿಗೆಯ ಹಿಂದೆ ಅಚ್ಚುಕಟ್ಟಾಗಿ ಕಟ್ಟಿದರು. ಹೊಸ ವೈರನ್ನು ಪರದೆಕೋಲಿನ ಆಂಟೆನಾಗೆ ಎಳೆದರು. ಅದು ಗುರುಗ್ರಾಮದ ಕಡೆಗೇ ನೋಡುತ್ತಿದ್ದರಿಂದ ಲಿಂಕಿನ ಶಕ್ತಿಯನ್ನೂ ಅರ್ಧಕ್ಕೆ ಇಳಿಸಿದರು. ಹಿತ್ತಾಳೆ ಡಬ್ಬಿ ಇದ್ದಲ್ಲೇ ಇತ್ತು, ಈಗ ಅದಕ್ಕೆ ತಡೆಯಲು ಆಗುವಷ್ಟೇ ಕೆಲಸ. ಮೇಲೆ ಅಡ್ಡಪಟ್ಟಿಯಲ್ಲಿ ಎರಡು ಆಂಟೆನಾಗಳೂ ಮೊದಲಿನಂತೆಯೇ ಸರಿಸಮನಾಗಿ ನಿಂತಿದ್ದವು. ಹಾವು ಸತ್ತಿತು, ಕೋಲು ಮುರಿಯಲಿಲ್ಲ.

ವೆಂಕಟಸುಬ್ಬಯ್ಯನವರು ಕೆಳಗಿಳಿದು, ಗೇಟಿನಾಚೆ ತರಕಾರಿ ಗಾಡಿಯ ಹತ್ತಿರ ನಿಂತು ಕೈಸೆಟ್ಟಿನಲ್ಲಿ ಮನೆಯವರನ್ನು ಕರೆದರು. ನನ್ನ ಸೆಟ್ಟಿನಲ್ಲಿ ಸುಶೀಲಮ್ಮನ ಉತ್ತರ ಕೇಳಿಸಿತು: "ಈಗ ಸರಿಯಾಯ್ತು ನೋಡಿ. ಪಕ್ಕದಲ್ಲೇ ನಿಂತು ಮಾತಾಡಿದ ಹಾಗಿದೆ. ಅಲ್ಲಿ ಭಯ್ಯಾ ಹತ್ರ ಎಳೇ ಬೆಂಡೆಕಾಯಿ ಇದ್ರೆ ತನ್ನಿ." ಆ ಕೂಟದ ಇತಿಹಾಸದಲ್ಲಿ ಯಾರಾದರೂ ಕೊಟ್ಟ ಮೊದಲ ಪ್ರಾಮಾಣಿಕ ಒಳ್ಳೆಯ ವರದಿ ಅದು. ತಾರಸಿಯಿಂದ ಇಣುಕಿ ನೋಡಿದೆ. ಮುದುಕರು ಬೆಂಡೆಕಾಯಿಯ ತುದಿ ಮುರಿಯುತ್ತಾ ಒಬ್ಬರೇ ನಗುತ್ತಿದ್ದರು. ನನಗೆ ನಿಜವಾಗಿ ಸಂತೋಷವಾಯಿತು.

ಅಣಕು ಭೂಕಂಪದ ದಿನ ಸುಶೀಲಮ್ಮನನ್ನು ನೆಲಮಾಳಿಗೆಯಲ್ಲಿ ಮೇಜಿನ ಕೆಳಗೆ ಕೂರಿಸಿದ್ದರು. "ನಾನು ಕಟ್ಟಡದ ಅಡಿಯಲ್ಲಿ ಸಿಕ್ಕಿಕೊಂಡಿದ್ದೇನೆ, ಸಹಾಯ ಕಳಿಸಿ" ಎಂಬುದು ಅವರು ಹೇಳಬೇಕಾದ ಮಾತು. ಅದನ್ನು ಹೇಳಿ, "ಮಂಡಿ ನೋಯ್ತಿದೆ, ಬೇಗ ಮುಗಿಸಿ" ಎಂದೂ ಸೇರಿಸಿದರು. ಗುರುಗ್ರಾಮದಿಂದ ಸುದರ್ಶನ್ ಪ್ರತಿಯೊಂದು ಅಕ್ಷರವನ್ನೂ, ಮಂಡಿಯನ್ನೂ ಬಿಡದೆ, ತಿರುಗಿ ಹೇಳಿದ. ಜಿಲ್ಲಾಡಳಿತದವರು ತಲೆದೂಗಿದರು. ಚಂದ್ರಮೋಹನರು ಅವರನ್ನು ತಾರಸಿಗೆ ಕರೆತಂದು ಕಂಬದ ತುದಿಗೆ ಬೆರಳು ತೋರಿಸಿದರು: "ಎಲ್ಲಾ ಆ ಎತ್ತರದ ಮಹಿಮೆ. ಬಲಗಡೆಯದು ನನ್ನದು." ವೆಂಕಟಸುಬ್ಬಯ್ಯನವರು ಗೋಡೆಗೆ ಒರಗಿ ನಿಂತಿದ್ದರು. ನಾನು ಕೆಮ್ಮಿದೆ. ಅವರು ಸುಮ್ಮನಿರಿ ಎಂದು ಕಣ್ಣಲ್ಲೇ ಹೇಳಿದರು.

ಕಂಬ ಉಳಿಯಿತು. ಕೂಟದ ಕೀರ್ತಿ ಹರಡಿತು. ಗುರುಗ್ರಾಮದ ಎಳೆಯರು ಗುಂಪಾಗಿ ಸೇರಿದರು. ಹಿಂದಿ, ಇಂಗ್ಲಿಷ್, ಕನ್ನಡ ಮೂರನ್ನೂ ಕಲಸಿ ಮಾತಾಡುವವರು, ಎಲ್ಲರಿಗೂ ಸುದರ್ಶನನೇ ಅಣ್ಣ. ವಾರ್ಷಿಕ ಸಭೆ ಬಂತು. ಅದರ ಏರ್ಪಾಡೆಲ್ಲ ತಾನೇ ನೋಡಿಕೊಳ್ಳುತ್ತೇನೆ, ಈ ಸಲ ಅಂಕಲ್ ಆರಾಮವಾಗಿ ಬಂದು ಕೂರಲಿ ಎಂದ ಸುದರ್ಶನ್.

ಅಂದು ವೆಂಕಟಸುಬ್ಬಯ್ಯನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಜೇಬಿನಲ್ಲಿ ಭಾಷಣ ಇಟ್ಟುಕೊಂಡು ಬಂದರು. ಲಿಂಕಿನ ಆಂಟೆನಾಗೆ ಇನ್ನೂ ಒಳ್ಳೆಯ ಜಾಗ ಹುಡುಕುವುದು, ಕೈಸೆಟ್ಟಿನವರ ದೂರುಗಳನ್ನು ನಿಜವಾಗಿ ಕೇಳುವುದು ಹೀಗೆ ಮುಂದಿನ ವರ್ಷಕ್ಕೆ ಅವರ ತಲೆಯಲ್ಲಿ ಬಹಳ ಯೋಚನೆಗಳಿದ್ದವು. ವೇದಿಕೆಯ ಮೇಲೆ ಅವರ ಪ್ಲಾಸ್ಟಿಕ್ ಕುರ್ಚಿ ಕಾಣಲಿಲ್ಲ. ನಡುವೆ, ಚಂದ್ರಮೋಹನ, ಕೆಂಪಣ್ಣರ ಮಧ್ಯೆ, ಅವರಿಬ್ಬರದಕ್ಕಿಂತ ಎತ್ತರದ ಬೆನ್ನಿನ ಕೆತ್ತನೆಯ ಕುರ್ಚಿಯೊಂದಿತ್ತು. ಸುದರ್ಶನ್ ಅವರ ಕೈ ಹಿಡಿದು ಅದರಲ್ಲಿ ಕೂರಿಸಿದ. ಮುಂದೆ ಹೂವು, ನೀರು, ಮೈಕು. ಹೊಸ ಫಲಕದಲ್ಲಿ ಅವರ ಹೆಸರಿನ ಕೆಳಗೆ "ಆಜೀವ ಮಹಾಪೋಷಕರು" ಎಂದಿತ್ತು.

ಅವರ ಮುಖ ಒಮ್ಮೆ ಬೆಳಗಿದ್ದನ್ನು ನಾನು ನೋಡಿದೆ. ನಂತರ ಚಂದ್ರಮೋಹನರು ಎದ್ದು, ಸುಬ್ಬಯ್ಯನವರಂಥ ಹಿರಿಯರಿಗೆ ದಿನನಿತ್ಯದ ಜಂಜಾಟ ತಕ್ಕದ್ದಲ್ಲ, ಆದ್ದರಿಂದ ಇನ್ನು ಮುಂದೆ ಸುದರ್ಶನ್ ಕಾರ್ಯದರ್ಶಿ ಎಂದು ಘೋಷಿಸಿದರು. ಶಾಲು ಬಂತು, ಹಾರ ಬಂತು. ಸುದರ್ಶನ್ ಕಾಲಿಗೆ ನಮಸ್ಕರಿಸಿ, "ನೀವು ಮೇಲಿರಬೇಕು ಅಂಕಲ್" ಎಂದ. ಅವನ ದನಿಯಲ್ಲಿ ಕೆಡುಕೇನೂ ಇರಲಿಲ್ಲ. ಒಳ್ಳೆಯ ಶಿಷ್ಯ, ಅಷ್ಟೇ.

"ಮಹಾಪೋಷಕರು ನಾಲ್ಕು ಮಾತಾಡಬೇಕು" ಎಂದರು ಚಂದ್ರಮೋಹನರು.

ವೆಂಕಟಸುಬ್ಬಯ್ಯನವರು ಮೈಕಿಗೆ ಬೆರಳಿನಿಂದ ತಟ್ಟಿದರು. ಸದ್ದಿಲ್ಲ. ಅವರ ಕೈ ಮೆಲ್ಲಗೆ ಮೈಕಿನ ಬುಡಕ್ಕೆ ಹೋಗಿ, ವೈರನ್ನು ಹಿಡಿದುಕೊಂಡು ಮೇಜಿನ ಬಟ್ಟೆಯ ಕೆಳಗೆ ಇಳಿಯಿತು. ಹಾರದ ತಟ್ಟೆ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ವೈರಿನ ತುದಿ ಅವರ ಅಂಗೈಯಲ್ಲಿತ್ತು. ಅವರು ಅದನ್ನು ನೋಡಿದರು, ಸುದರ್ಶನನನ್ನು ನೋಡಿದರು, ತುದಿಯನ್ನು ಮತ್ತೆ ಮೇಜಿನ ಕೆಳಗೆ ಜೋಪಾನವಾಗಿ ಇಟ್ಟರು. ಜೇಬಿನಿಂದ ಭಾಷಣ ತೆಗೆದು ಓದತೊಡಗಿದರು. ಸಭೆಗೆ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕಣ್ಣು ತುಂಬಿಬಂತು. ಸಿಟ್ಟಿಗೋ ದುಃಖಕ್ಕೋ ಈಗಲೂ ಗೊತ್ತಿಲ್ಲ.

ಭಾಷಣ ಮುಗಿಯಿತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಹಿಂದಿನವರೂ ತಟ್ಟಿದರು. "ಫೈವ್ ನೈನ್ ಸರ್! ಬಹಳ ಸ್ಪಷ್ಟ!" ಎಂದು ಯಾರೋ ಕೂಗಿದರು.

ಆಗ ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಸುಶೀಲಮ್ಮ ಎದ್ದು ನಿಂತರು. ಅವರಿಗೆ ಮೈಕು ಬೇಕಾಗಿರಲಿಲ್ಲ.

"ಏನೂ ಕೇಳಿಸಲಿಲ್ಲ ಕಣ್ರೀ" ಎಂದರು. "ಒಂದು ಅಕ್ಷರಾನೂ ಇಲ್ಲ. ಇಳಿದು ಬನ್ನಿ ಇಲ್ಲಿಗೆ."

ಚಂದ್ರಮೋಹನರು ಪದ್ಧತಿಯ ಬಗ್ಗೆ ಏನೋ ಹೇಳಲು ಬಾಯಿ ತೆರೆದರು. ವೆಂಕಟಸುಬ್ಬಯ್ಯನವರು ಶಾಲು ಮಡಿಸಿ ಆ ಕೆತ್ತನೆಯ ಕುರ್ಚಿಯ ಮೇಲಿಟ್ಟು, ವೇದಿಕೆಯ ಮೆಟ್ಟಿಲಿಳಿದು, ಎಲ್ಲ ಸಾಲುಗಳನ್ನೂ ದಾಟಿ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತರು. ದೆಹಲಿಗೆ ಬಂದು ನನಗೆ ಅರ್ಧ ಆಯುಸ್ಸು ಕಳೆಯಿತು. ವೇದಿಕೆಯಿಂದ ತಾವಾಗಿ ಇಳಿದವರನ್ನು ನಾನು ನೋಡಿದ್ದು ಅದೊಂದೇ ಸಲ.